ಕಿತ್ತಳೆ ಕನ್ನಡಕ

ಬೆಳಿಗ್ಗೆ ಬಂದವಳೇ ಮೆಷಿನ್ನಿನ ಹೊದಿಕೆ ತೆಗೆಯುವುದಕ್ಕೂ ಮೊದಲು ಅವಳು ಗೋಡೆಯ ಕೊಕ್ಕೆಗಳಿಗೆ ನೇತುಹಾಕಿದ್ದ ಕನ್ನಡಕಗಳನ್ನು ಎಣಿಸಿದಳು. ಹಸಿರು ಎರಡು, ಕಿತ್ತಳೆ ಎರಡು. ನಿನ್ನೆಯೂ ಅಷ್ಟೇ ಇದ್ದವು, ಮೊನ್ನೆಯೂ ಅಷ್ಟೇ. ಎಂಟು ವಾರದಿಂದ ದಿನಾ ಎಣಿಸುತ್ತಿದ್ದಾಳೆ, ಎಣಿಸಿದರೆ ಆಗಿಹೋದದ್ದು ಆಗದೆ ಉಳಿದೀತು ಎಂಬಂತೆ. ಆಮೇಲೆ ಕಿಟಕಿಯ ಕಪ್ಪು ಪರದೆ ಎಳೆದಳು, ಬಾಗಿಲ ಹೊರಗಿನ ಕೆಂಪು ದೀಪ ಹತ್ತುತ್ತದೆಯೇ ನೋಡಿದಳು, ಮಂಚದ ಮೇಲೆ ಹೊಸ ಕಾಗದ ಹಾಸಿದಳು, ಕೊನೆಗೆ ಬೇರೆ ದಾರಿಯಿಲ್ಲದೆ ದಿನದ ಪಟ್ಟಿಯನ್ನು ಕೈಗೆತ್ತಿಕೊಂಡಳು. ಹತ್ತಕ್ಕೆ ಉಗುರು. ಹನ್ನೊಂದಕ್ಕೆ ಎಡಗೆನ್ನೆ, ಮೂರನೇ ಸಲ. ಎಡಗೆನ್ನೆ ಎಂದರೆ ಕೂದಲು ಕತ್ತರಿಸುವ ಅಂಗಡಿಯ ಹುಡುಗಿ. ಹುಡುಗಿ ಎಂದರೆ ಬೆನ್ನ ಹಿಂದೆಯೇ ಅವಳ ಅಪ್ಪ. ಪಟ್ಟಿಯಲ್ಲಿ ಅಪ್ಪನ ಹೆಸರಿಲ್ಲ, ಚಿಕಿತ್ಸೆ ಆತನಿಗಲ್ಲವಲ್ಲ. ಆದರೂ ಆ ಸಾಲಿನಲ್ಲಿ ಅವಳಿಗೆ ಕಂಡದ್ದು ಆತನೊಬ್ಬನೇ. ದಪ್ಪ ಮೀಸೆ, ಅಗಲವಾದ ಎದೆ, ನಡೆದರೆ ನೆಲ ಅದುರುವಂಥ ಆಳು. ಬಸ್ ಡ್ರೈವರು. ದಿನಾ ಬೆಳಗಾದರೆ ಒಂದು ಬಸ್ಸು ತುಂಬ ಜನರನ್ನು ತನ್ನ ಎರಡು ಕಣ್ಣಿನ ಮೇಲೆ ಹೊತ್ತುಕೊಂಡು ಹೋಗುವವನು. ಅವಳು ಪಟ್ಟಿಯನ್ನು ಮಗುಚಿಟ್ಟಳು.

ಇಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಾರೆ. ಹನ್ನೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ನಾಲ್ಕು ವರ್ಷದಿಂದ ಈ ಚರ್ಮದ ಕ್ಲಿನಿಕ್ಕಿನಲ್ಲಿ ಲೇಸರ್ ಮೆಷಿನ್ನಿನ ಮುಂದೆ ಕೂತಿದ್ದಾಳೆ. ಕೈ ಹಗುರ ಎಂದು ಹೆಸರು. ಎಷ್ಟೋ ಜನ ಡಾಕ್ಟರಮ್ಮನಿಗೆ, ಸಿಸ್ಟರ್ ಮಾಡಿದರೆ ಮಾತ್ರ ಮಾಡಿಸಿಕೊಳ್ಳುತ್ತೇವೆ ಎಂದು ಹೇಳಿದ್ದುಂಟು. ಡಾಕ್ಟರಮ್ಮ ಅದನ್ನು ನಗುತ್ತಲೇ ಒಪ್ಪಿಕೊಂಡದ್ದೂ ಉಂಟು. ಈ ಹೆಸರೇ ಅವಳನ್ನು ಕೆಡಿಸಿತೇನೋ. ಮೆಷಿನ್ನು ಒಂದೇ, ಅದರೊಳಗಿನ ಬೆಳಕು ಎರಡು. ಒಂದು ಹಸಿರು, ಕಣ್ಣಿಗೆ ಕಾಣುವಂಥದ್ದು, ಮೇಲುಮೇಲಿನ ಕಂದು ಚುಕ್ಕೆಗಳಿಗೆ. ಇನ್ನೊಂದು ಕಣ್ಣಿಗೆ ಕಾಣದ್ದು, ಚರ್ಮದ ಆಳಕ್ಕೆ ಇಳಿದು ಅಲ್ಲಿ ಕೂತಿರುವ ಬಣ್ಣವನ್ನು ಪುಡಿ ಮಾಡುವಂಥದ್ದು. ಹಸಿರು ಬೆಳಕಿಗೆ ಕಿತ್ತಳೆ ಕನ್ನಡಕ, ಕಾಣದ ಬೆಳಕಿಗೆ ಹಸಿರು ಕನ್ನಡಕ. ಒಂದರ ಕನ್ನಡಕ ಇನ್ನೊಂದನ್ನು ತಡೆಯುವುದಿಲ್ಲ. ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ. ತರಬೇತಿಗೆ ಬಂದ ಹೊಸಬರಿಗೆಲ್ಲ ಅವಳೇ ಹೇಳಿಕೊಡುತ್ತಾಳೆ: "ಬಣ್ಣ ನಂಬಬೇಡಿ, ಕನ್ನಡಕದ ಕಡ್ಡಿ ಮೇಲಿರೋ ನಂಬರು ಓದಿ." ಹಾಗೆ ಹೇಳುವಾಗ ಅವಳ ದನಿಯಲ್ಲಿ ತಾನು ಎಂದೂ ತಪ್ಪಲಾರೆ ಎಂಬವರ ದನಿ ಇರುತ್ತಿತ್ತು.

ಎಂಟು ವಾರದ ಹಿಂದೆ, ಒಬ್ಬರ ಕಂದು ಚುಕ್ಕೆ ಮುಗಿಸಿ, ಬೆಳಕು ಬದಲಾಯಿಸಿ, ಹುಡುಗಿಯನ್ನು ಮಲಗಿಸಿದ್ದಳು. ಎಡಗಣ್ಣಿನ ಕೆಳಗಿನಿಂದ ಕೆನ್ನೆಯ ಅರ್ಧದವರೆಗೆ ಹುಟ್ಟಿದಾಗಿನಿಂದ ಇದ್ದ ಬೂದುನೀಲಿ ಮಚ್ಚೆ. ಡಾಕ್ಟರಮ್ಮ ಬಂದು ನೋಡಿ, ಬೆಳಕಿನ ಬಲ ಎಷ್ಟಿರಬೇಕೆಂದು ಬರೆದುಕೊಟ್ಟು ಪಕ್ಕದ ಕೋಣೆಗೆ ಹೋಗಿದ್ದರು. ಆಗ ಬಾಗಿಲು ತಳ್ಳಿಕೊಂಡು ಹುಡುಗಿಯ ಅಪ್ಪ ಒಳಗೆ ಬಂದು ಬಾಗಿಲು ಹಾಕಿದ. "ಹೋದ ಸಲ ಒಬ್ಳೇ ಹೆದರಿಕೊಂಡ್ಳಂತೆ ಸಿಸ್ಟರ್. ನಾನೂ ನಿಂತ್ಕೋತೀನಿ." ಕೆಲಸದ ನಡುವೆ ಯಾರಾದರೂ ನುಗ್ಗಿದರೆ ಅವಳಿಗೆ ಮೈ ಉರಿಯುತ್ತದೆ. ತಿರುಗಿಯೂ ನೋಡದೆ, ಕೈಗೆ ಸಿಕ್ಕ ಕನ್ನಡಕವನ್ನು ಕೊಕ್ಕೆಯಿಂದ ಎತ್ತಿ ಹಿಂದಕ್ಕೆ ಚಾಚಿದಳು. "ಹಾಕ್ಕೊಂಡು ಅಲ್ಲೇ ನಿಂತ್ಕೊಳ್ಳಿ, ಮುಂದೆ ಬರಬೇಡಿ." ಹುಡುಗಿಯ ಕಣ್ಣಿನ ಮೇಲೆ ಉಕ್ಕಿನ ಮುಚ್ಚಳಗಳನ್ನಿಟ್ಟು, ಪೆಡಲ್ ತುಳಿದಳು. ಟಕ್, ಟಕ್, ಟಕ್. ಕೂದಲು ಸುಟ್ಟಂಥ ಸಣ್ಣ ವಾಸನೆ. ಬೆನ್ನ ಹಿಂದಿನಿಂದ ಆತನ ಮಾತು ಸುರುವಾಯಿತು, ನಿಲ್ಲಲೇ ಇಲ್ಲ. "ಏನೂ ಇಲ್ಲ ಮಗಳೇ, ನೋಡ್ತಾನೇ ಇದ್ದೀನಿ. ಆ, ಬಣ್ಣ ತಿಳಿಯಾಗ್ತಿದೆ. ನೋಡ್ತಿದ್ದೀನಿ ಕಣೇ, ಚೆನ್ನಾಗಿ ಬರ್ತಿದೆ, ಇನ್ನು ಒಂದಿಷ್ಟೇ." ಇಪ್ಪತ್ತು ನಿಮಿಷ. ಬಸ್ಸಿನಲ್ಲಿ ಡ್ರೈವರ ಜೊತೆ ಮಾತಾಡಬಾರದು ಎಂದು ಬರೆದಿರುತ್ತಾರೆ, ಇಲ್ಲಿ ಡ್ರೈವರೇ ಮಾತಾಡಬಾರದು ಎಂದು ಬರೆಸಬೇಕು ಎಂದು ಅವಳು ಅಂದುಕೊಂಡದ್ದು ನೆನಪಿದೆ. ಅಪ್ಪ ಮಗಳು ಹೋದ ಮೇಲೆ ತಿರುಗಿ ನೋಡಿದರೆ ಕುರ್ಚಿಯ ಮೇಲೆ ಕಿತ್ತಳೆ ಕನ್ನಡಕ ಬಿದ್ದಿತ್ತು.

ಅದನ್ನು ಎತ್ತಿ ಕಡ್ಡಿಯ ಮೇಲಿನ ನಂಬರನ್ನು ಓದಿದಳು. ಇನ್ನೊಮ್ಮೆ ಓದಿದಳು, ಎರಡನೇ ಸಲ ಬೇರೆ ನಂಬರು ಬರಬಹುದೆಂಬ ಆಸೆಯಿಂದ. ಆತ ನೋಡುತ್ತಾ ನಿಂತಿದ್ದ. ನೋಡ್ತಿದ್ದೀನಿ ನೋಡ್ತಿದ್ದೀನಿ ಎಂದು ಬಾಯಿ ಬಿಟ್ಟು ಹೇಳುತ್ತಲೇ ನೋಡಿದ್ದ. ಕಾಣುವ ಬೆಳಕಾದರೆ ಚುಚ್ಚಿತು ಎಂದು ಯಾರಾದರೂ ರೆಪ್ಪೆ ಮುಚ್ಚುತ್ತಾರೆ, ಕಾಣದ ಬೆಳಕಿಗೆ ಯಾರು ಮುಚ್ಚುತ್ತಾರೆ? ನೋವಿಲ್ಲ, ಉರಿಯಿಲ್ಲ. ಚರ್ಮಕ್ಕೆ ಬಡಿದು ಚದುರಿ ಬಂದದ್ದು ಕಣ್ಣೊಳಗಿನ ಪರದೆಯಲ್ಲಿ ಎಲ್ಲೋ ಒಂದು ಚುಕ್ಕೆ ಸುಟ್ಟು ಸುಮ್ಮನಾಗಬಹುದು. ಮನುಷ್ಯನಿಗೆ ಗೊತ್ತಾಗುವುದು ಯಾವತ್ತೋ, ರಸ್ತೆಯ ನಡುವಿನಲ್ಲಿ ಇರಬೇಕಾದದ್ದು ಇಲ್ಲದೆ ಹೋದಾಗ. ಡಾಕ್ಟರಮ್ಮನಿಗೆ ಹೇಳಬೇಕೆಂದು ಆಗಲೇ ಎದ್ದಳು. ಅವರು ಊಟಕ್ಕೆ ಹೋಗಿದ್ದರು. ಸಂಜೆ ಹೇಳೋಣ ಎಂದುಕೊಂಡಳು, ಸಂಜೆ ಅವರಿಗೆ ತಲೆನೋವು. ಮಾರನೇ ದಿನ ಹೇಳಬಹುದಿತ್ತು, ಆದರೆ ಮಾರನೇ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ವಾರ ಕಳೆದ ಮೇಲೆ ತಪ್ಪು ಕನ್ನಡಕದ್ದಾಗಿ ಉಳಿಯಲೇ ಇಲ್ಲ, ಬಾಯಿಯದ್ದಾಯಿತು. ಸುಳ್ಳು ಹೇಳಿದ್ದರೆ ಒಂದು ಸಲದ್ದು. ಸುಮ್ಮನಿರುವುದನ್ನು ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಮಾಡಬೇಕು, ಹಲ್ಲುಜ್ಜಿದ ಹಾಗೆ.

ಆಮೇಲೆ ಅವಳಿಗೆ ಗೊತ್ತಾದದ್ದು ಜನ ಕಣ್ಣಿನ ಮಾತನ್ನು ಎಷ್ಟು ಆಡುತ್ತಾರೆ ಎಂಬುದು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂದೆ ಎಂದು ಗಂಡ ಪೇಟೆಗೆ ಹೋಗಿ ಎರಡು ಗಂಟೆ ಬಿಟ್ಟು ಬರುತ್ತಿದ್ದ. ಹಾಲಿನ ಮೇಲೆ ಒಂದು ಕಣ್ಣಿಟ್ಟಿರು ಎನ್ನುತ್ತಿದ್ದರು ಅತ್ತೆ. ಒಂದು ಸಂಜೆ ಅತ್ತೆ ಸೂಜಿ ದಾರ ಹಿಡಿದು ಬಂದು, "ಕಣ್ಣು ಕಾಣಲ್ಲ ಕಣಮ್ಮಾ, ಇದೊಂದು ಪೋಣಿಸಿಕೊಡು," ಎಂದರು, ದಿನಾ ಹೇಳುವ ಹಾಗೆಯೇ. ಅವಳು ರೇಗಿಬಿಟ್ಟಳು. "ಕಣ್ಣು ಕಾಣಲ್ಲ ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಸುಮ್ಮಸುಮ್ಮನೆ ಯಾಕೆ ಹಂಗೆ ಹೇಳ್ತೀರ?" ಅತ್ತೆ ದಾರದ ತುದಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟರು. ಆಮೇಲೆ ಅವಳು ಸೂಜಿಗೆ ದಾರ ಹಾಕಿಕೊಟ್ಟಳು, ಅವರು ಹರಿದ ದಿಂಬಿನ ಚೀಲ ಹೊಲಿದರು. ಏನಾಗಿದೆ ನಿನಗೆ ಎಂದು ಗಂಡ ಕೇಳಿದ. ಏನಿಲ್ಲ ಎಂದಳು. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ, ಆದರೆ ಆತ ಒಂದು ಸಲ ಕೇಳುವ ಜಾತಿ.

ಅದಕ್ಕೇ ಒಂದು ಭಾನುವಾರ ಆತನ ಬಸ್ಸು ಹತ್ತಿದಳು. ಗೆಳತಿಯ ಮನೆಗೆ ಎಂದು ಹೇಳಿ ಹೊರಟು, ಹದಿನೇಳನೇ ನಂಬರಿಗಾಗಿ ಮುಕ್ಕಾಲು ಗಂಟೆ ಕಾದಳು. ಹದಿನಾಲ್ಕು ವರ್ಷದಿಂದ ಅದೇ ದಾರಿ ಎಂದು ಆತನೇ ಮೊದಲ ಸಲ ಬಂದಾಗ ಜಂಬ ಕೊಚ್ಚಿಕೊಂಡಿದ್ದ. ಮುಂದಿನ ಎರಡನೇ ಸಾಲಿನಲ್ಲಿ ಕೂತು, ಮುಖಕ್ಕೆ ಪೇಪರ್ ಅಡ್ಡ ಹಿಡಿದು, ಅದರ ಅಂಚಿನಿಂದ ಆತನ ಕತ್ತನ್ನೇ ನೋಡಿದಳು. ಹಂಪ್ ಬಂದಾಗ ನಿಧಾನ ಮಾಡಿದ. ಸೈಕಲ್ಲಿನವನಿಗೆ ದಾರಿ ಬಿಟ್ಟ. ಒಂದು ಸಿಗ್ನಲ್ಲಿನಲ್ಲಿ ಹಳದಿ ಬೀಳುತ್ತಲೇ ನಿಲ್ಲಿಸಿದ, ಹಿಂದಿನವರು ಹಾರ್ನ್ ಹೊಡೆದರೂ ಜಗ್ಗಲಿಲ್ಲ. ಅವಳಿಗೆ ಇನ್ನೇನು ಉಸಿರು ಬಂತು ಎನ್ನುವಾಗ, ಒಂದು ಸ್ಟಾಪಿನಲ್ಲಿ ಕೋಲೂರಿಕೊಂಡ ಮುದುಕ ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲದೆ ಹೋಯಿತು. ಕಾಣಲಿಲ್ಲ! ಎಡಗಡೆ ಕಾಣುತ್ತಿಲ್ಲ! ಅವಳು ಕೊನೆಯ ಸ್ಟಾಪಿನವರೆಗೆ ಹೋದಳು, ಇಳಿಯದೆ ಅದೇ ಬಸ್ಸಿನಲ್ಲಿ ಕೂತಳು. ಎಲ್ಲರೂ ಇಳಿದ ಮೇಲೆ ಆತ ತಿರುಗಿ ಅವಳ ಮುಖವನ್ನೇ ನೋಡಿ, "ಇಳಿಯೋದಿಲ್ವೇನಮ್ಮಾ?" ಎಂದ. ಪೇಪರ್ ಮಡಿಲಿಗೆ ಬಿದ್ದಿತ್ತು. ಎರಡು ಸಲ ಕ್ಲಿನಿಕ್ಕಿನಲ್ಲಿ ಕಂಡವನು, ಎದುರಿಗೇ ಇದ್ದರೂ ಗುರುತಿಲ್ಲ. ಬಸ್ಸಿನಿಂದಿಳಿದು ಅವಳು ನಡೆದೇ ಮನೆಗೆ ಬಂದಳು. ಆ ರಸ್ತೆಯಲ್ಲಿ ಮಕ್ಕಳನ್ನು ಕೈಹಿಡಿದು ದಾಟಿಸುತ್ತಿದ್ದ ಒಬ್ಬೊಬ್ಬ ತಾಯಿಯನ್ನೂ ನಿಲ್ಲಿಸಿ, ಹದಿನೇಳು ಬಂದರೆ ದೂರ ನಿಲ್ಲಿ ಎಂದು ಹೇಳಬೇಕೆನಿಸಿತು.

ಹತ್ತು ಗಂಟೆಯ ಉಗುರು ಬಂದರು. ನಿವೃತ್ತ ಮೇಷ್ಟ್ರು. ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪಗಾಗಿ ಕಟ್ಟಿಗೆಯಂತಾಗಿತ್ತು. ಕಾಲುಚೀಲ ಬಿಚ್ಚುವಾಗ ಈಗಲೂ ಅಂಗಿ ಬಿಚ್ಚಿದಷ್ಟು ನಾಚುತ್ತಾರೆ. ಇಪ್ಪತ್ತು ವರ್ಷ ಬೇಸಿಗೆಯಲ್ಲೂ ಬೂಟು ಬಿಡದೆ ಪಾಠ ಮಾಡಿದವರಂತೆ. ಲೇಸರ್ ಒಂದರಿಂದಲೇ ಹೋಗುತ್ತದೆ ಎಂದು ಇಲ್ಲಿ ಯಾರೂ ಅವರಿಗೆ ಮಾತು ಕೊಟ್ಟಿಲ್ಲ, ಮಾತ್ರೆಯೂ ನುಂಗಬೇಕು, ಹೊಸ ಉಗುರು ಬುಡದಿಂದ ಬರುವವರೆಗೆ ಒಂದು ವರ್ಷ ಕಾಯಬೇಕು. ಅವಳು ಅವರಿಗೆ ಹಸಿರು ಕನ್ನಡಕ ಹಾಕಿ, ತೆಗೆದು ನಂಬರು ಓದಿ, ಮತ್ತೆ ಹಾಕಿದಳು. ಒಂದು ನಿಮಿಷ ಬಿಟ್ಟು ಬಗ್ಗಿ ಮತ್ತೆ ನಂಬರು ಓದಿದಳು. "ಏನು ಸಿಸ್ಟರ್," ಎಂದರು ಮೇಷ್ಟ್ರು, "ಕಾಯಿಲೆ ಕಾಲಲ್ಲಿ, ನೀವು ನೋಡಿದರೆ ಕಿವಿ ಹತ್ರಾನೇ ಸುಳಿದಾಡ್ತಿದ್ದೀರ." ಅವಳಿಗೆ ನಗು ಬರಲಿಲ್ಲ. ಉಗುರಿನ ಮೇಲೆ ಬೆಳಕನ್ನು ಸಾಲುಸಾಲಾಗಿ ಓಡಿಸುವಾಗ, ಬಿಸಿ ಆಗ್ತಿದೆ ಎಂದು ಅವರು ಎರಡು ಸಲ ಹೇಳಿದ ಮೇಲೆ ಅವಳ ಕಾಲು ಪೆಡಲಿನಿಂದ ಎದ್ದಿತು. "ತಪ್ಪಾಯ್ತು ಸಾರ್," ಎಂದಳು. ಇಷ್ಟು ಸಣ್ಣದಕ್ಕೆ ಆ ಮಾತು ಎಷ್ಟು ಸುಲಭವಾಗಿ ಬಂತು ಎಂದು ಅವಳಿಗೆ ಆಶ್ಚರ್ಯವಾಯಿತು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಅಪ್ಪ ಮಗಳು ಬಂದರು. ಹುಡುಗಿ ಬಂದವಳೇ ಮಂಚದ ಮೇಲೆ ಕಾಲು ಜೋಲಾಡಿಸಿ ಕೂತಳು. ದಿನವಿಡೀ ಕನ್ನಡಿಯ ಮುಂದೆ ನಿಂತು ದುಡಿಯುವವಳು, ಮಾತಿಗೆ ಸಂಕೋಚವಿಲ್ಲ. "ಸಿಸ್ಟರ್, ಮೊದಲು ಕುರ್ಚಿಗೆ ಬಂದು ಕೂತವರು ಕನ್ನಡೀಲಿ ತಮ್ಮ ತಲೆ ನೋಡ್ಕೊಳ್ಳೋಕೆ ಮುಂಚೆ ನನ್ನ ಕೆನ್ನೆ ನೋಡೋರು. ಈಗ ಒಂದು ನಿಮಿಷ ತಡವಾಗಿ ನೋಡ್ತಾರೆ. ಅಷ್ಟು ಇಂಪ್ರೂವ್ಮೆಂಟು." ಸಿಸ್ಟರ್ ನೋವು ತಿಳಿಯದಂತೆ ಮರಗಟ್ಟಿಸುವ ಕ್ರೀಮನ್ನು ಮಚ್ಚೆಯ ಮೇಲೆ ದಪ್ಪಗೆ ಹಚ್ಚಿ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದಳು. ಇನ್ನು ಒಂದು ಗಂಟೆ ಕಾಯಬೇಕು. ಆತ ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಎಡಗಣ್ಣು ಒರೆಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒರೆಸಿಕೊಂಡ. ಕ್ರೀಮಿನ ಮುಚ್ಚಳ ಹಾಕುತ್ತಿದ್ದ ಅವಳ ಕೈ ನಿಂತಿತು.

"ಕಣ್ಣಿಗೇನಾಯ್ತು?"

"ಏನಿಲ್ಲ ಬಿಡಮ್ಮಾ, ನೀರು ಬರ್ತಿದೆ, ಒಂದು ತಿಂಗಳಿಂದ. ನಾಳಿದ್ದು ಹೇಗೂ ಡಿಪೋದಲ್ಲಿ ವರ್ಷದ ಕಣ್ಣಿನ ಪರೀಕ್ಷೆ. ಪಾಸಾದ್ರೆ ಸ್ಟೇರಿಂಗು, ಇಲ್ದಿದ್ರೆ ಆಫೀಸಲ್ಲಿ ಕೂತು ಟಿಕೆಟ್ ಕಟ್ಟು ಎಣಿಸೋದು." ನಕ್ಕ. "ನಾನು ಪಾಸೇ. ಹದಿನಾಲ್ಕು ವರ್ಷ ಕೆಳಗಿನ ಸಾಲಿನವರೆಗೂ ಓದಿದ್ದೀನಿ."

ಅವಳು ಬಾಗಿಲು ಮುಚ್ಚಿ ಬಂದಳು. ಹೇಗೆ ಶುರು ಮಾಡಬೇಕೆಂದು ಎಂಟು ವಾರ ಕಟ್ಟಿದ್ದ ವಾಕ್ಯಗಳೆಲ್ಲ ಹಾಳಾಗಿ ಹೋದವು. ನಿಂತುಕೊಂಡೇ, ಕೈಯಲ್ಲಿ ಕ್ರೀಮಿನ ಟ್ಯೂಬು ಹಿಡಿದುಕೊಂಡೇ ಹೇಳಿದಳು. "ಹೋದ ಸಲ ನಾನು ನಿಮಗೆ ತಪ್ಪು ಕನ್ನಡಕ ಕೊಟ್ಟೆ. ಅದು ಈ ಬೆಳಕನ್ನ ತಡೆಯಲ್ಲ. ಆವತ್ತೇ ಗೊತ್ತಾಯ್ತು, ನೀವು ಹೋದ ಮೇಲೆ. ಯಾರಿಗೂ ಹೇಳ್ಲಿಲ್ಲ. ನೀವು ಇಪ್ಪತ್ತು ನಿಮಿಷ ನೋಡಿದ್ರಿ, ನಿಮ್ಮ ಕಣ್ಣಿನ ಒಳಗೆ ಏನಾದ್ರೂ ಆಗಿರಬಹುದು. ಆಗದೇನೂ ಇರಬಹುದು. ನನಗೆ ಗೊತ್ತಿಲ್ಲ." ಟ್ಯೂಬನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಬಸ್ಸಲ್ಲೂ ಬಂದೆ, ನೋಡೋಣ ಅಂತ. ಒಬ್ಬ ಮುದುಕರು ಕೈ ಅಡ್ಡ ಹಾಕಿದ್ರು, ನಿಮಗೆ ಕಾಣಲಿಲ್ಲ. ನಾನೂ ಕಾಣಲಿಲ್ಲ."

ಆತ ಕರ್ಚೀಫನ್ನು ಮಡಿಸಿ ಜೇಬಿಗಿಟ್ಟ. ಮುಖ ಕೆಂಪಾಗಿತ್ತು. "ಆ ಅಜ್ಜ ಎಲ್ಲಾ ಬಸ್ಸಿಗೂ ಕೈ ಅಡ್ಡ ಹಾಕ್ತಾರೆ, ಯಾವುದಕ್ಕೂ ಹತ್ತಲ್ಲ. ಹನ್ನೊಂದು ವರ್ಷದಿಂದ ನಮಗೆ ಟಾಟಾ ಮಾಡೋದೇ ಅವರ ಕೆಲಸ. ಮತ್ತೆ ನೀವು ಕಾಣದೆ ಏನು? ಇಲ್ಲಿ ಯಾವಾಗಲೂ ಮುಖಕ್ಕೆ ಮಾಸ್ಕ್ ಹಾಕಿರ್ತೀರ, ನಿಮ್ಮದು ಕಣ್ಣೊಂದೇ ನಾನು ನೋಡಿರೋದು, ಅದನ್ನ ನೋಡೇ ಗುರುತು ಹಿಡಿದೆ. ಪೇಪರ್ ಅಡ್ಡ ಹಿಡ್ಕೊಂಡು ಕೂತೋರನ್ನ ಸಿಸ್ಟರ್ ಅಂತ ಕರೆದು ಯಾಕೆ ನಾಚಿಕೆಪಡಿಸೋದು ಅಂತ ಸುಮ್ಮನಾದೆ." ಅಷ್ಟು ಹೇಳಿ ಆತ ಮಗಳ ಕಡೆ ನೋಡಿದ, ಮತ್ತೆ ನೆಲ ನೋಡಿದ. ದೊಡ್ಡ ಕೈಗಳೆರಡನ್ನೂ ಮಂಡಿಯ ಮೇಲೆ ಊರಿ, ಪೊಲೀಸರ ಮುಂದೆ ಕೂತವನ ಹಾಗೆ ಕೂತ. "ನಾನು ನೋಡ್ಲಿಲ್ಲ," ಎಂದ.

"ಏನು?"

"ಆವತ್ತು. ನಾನು ಒಂದು ಸಲಾನೂ ನೋಡ್ಲಿಲ್ಲ. ನೀವು ಇವಳ ಕಣ್ಣಿಗೆ ಆ ಉಕ್ಕಿನ ಮುಚ್ಚಳ ಇಟ್ರಲ್ಲ, ಆಗಲೇ ನನ್ನ ಕಾಲು ಸೋತುಹೋಯ್ತು. ಆ ಕಡೆ ತಿರುಗಿ ನಿಂತ್ಕೊಂಡೆ. ಬಾಯಿ ಮಾತ್ರ ಬಿಡ್ತಾ ಇದ್ದೆ."

ಅವಳಿಗೆ ಅರ್ಥವಾಗಲು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಂಬಿಕೆಯಾಗಲಿಲ್ಲ. ನೊಂದವಳನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಎಂದುಕೊಂಡಳು. ಆತನೇ ಕೈಯೆತ್ತಿ ಬಾಗಿಲ ಹಿಂದಿನ ಗೋಡೆ ತೋರಿಸಿದ. ಅಲ್ಲಿ ಔಷಧದ ಕಂಪನಿಯವರು ಯಾವತ್ತೋ ಅಂಟಿಸಿಹೋದ ಉಗುರಿನ ಕಾಯಿಲೆಗಳ ಚಿತ್ರಪಟ, ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗುತ್ತದೆ. ಆತ ಅದಕ್ಕೆ ಬೆನ್ನು ಮಾಡಿಕೊಂಡೇ ಹೇಳತೊಡಗಿದ. "ಮೂರು ಮೂರರ ಹಾಗೆ ನಾಲ್ಕು ಸಾಲು. ಮೊದಲನೇದು ಬಿಳಿ ಚುಕ್ಕೆ. ಎರಡನೇ ಸಾಲಿನ ಕೊನೇದು ಹಳದಿ. ಅದರ ಕೆಳಗಿಂದು ಮಧ್ಯೆ ಕಪ್ಪು ಗೆರೆ, ಇಂಥದ್ದು ಕಂಡ್ರೆ ಲೇಸರ್ ಗೀಸರ್ ಅನ್ನೋಕೆ ಮುಂಚೆ ಡಾಕ್ಟರಿಗೆ ತೋರಿಸಿ ಅಂತ ಬರೆದಿದೆ. ಕಟ್ಟಕಡೇ ಹೆಬ್ಬೆರಳಿಗೆ ಯಾರೋ ಪೆನ್ನಲ್ಲಿ ಕಣ್ಣು ಮೂಗು ಬಿಡಿಸಿ ನಗಿಸಿದ್ದಾರೆ. ಇಪ್ಪತ್ತು ನಿಮಿಷ ಬೇರೆ ಏನು ನೋಡ್ಲಿ ನಾನು?" ಅವಳು ಹೋಗಿ ನೋಡಿದಳು. ಮೂರು ಮೂರರ ಹಾಗೆ ನಾಲ್ಕು ಸಾಲು. ಕಟ್ಟಕಡೆಯ ಹೆಬ್ಬೆರಳು ಅವಳನ್ನು ನೋಡಿ ನಗುತ್ತಿತ್ತು. ನಾಲ್ಕು ವರ್ಷ ಈ ಕೋಣೆಯಲ್ಲಿ ಕೆಲಸ ಮಾಡಿದವಳು ಅದನ್ನು ನೋಡಿರಲಿಲ್ಲ. ಹಣೆಯನ್ನು ಆ ಪಟಕ್ಕೆ ಒತ್ತಿ ನಿಂತುಕೊಂಡಳು, ಬೆನ್ನಿನ ಮೇಲಿನ ಮೂಟೆಯನ್ನು ಯಾರೋ ಹೇಳದೆ ಕೇಳದೆ ಎತ್ತಿಕೊಂಡುಬಿಟ್ಟರೆ ಆಗುವ ಹಾಗೆ ತೂಗಾಡಿದಳು.

ಮಂಚದ ಮೇಲಿನಿಂದ ಹುಡುಗಿ, ಪ್ಲಾಸ್ಟಿಕ್ ಅಂಟಿದ ಕೆನ್ನೆಯನ್ನು ಅಲುಗಿಸದೆ, ಅರ್ಧ ಬಾಯಲ್ಲೇ ಹೇಳಿದಳು, "ನನಗೆ ಗೊತ್ತಿತ್ತಪ್ಪಾ."

"ಏನು ಗೊತ್ತಿತ್ತು?"

"ನೀನು ತಿರುಗಿಕೊಂಡಿದ್ದೆ ಅಂತ. ನಿನ್ನ ದನಿ ಗೋಡೆಗೆ ಬಡಿದು ಬರ್ತಿತ್ತು. ಮತ್ತೆ ಚಿಕ್ಕೋಳಿದ್ದಾಗಿಂದ ನೀನು ಯಾವತ್ತೂ ನನ್ನ ಬಲಗಡೇನೇ ಕೂರೋದು. ಊಟಕ್ಕೂ ಅಷ್ಟೇ, ಫೋಟೋಕ್ಕೂ ಅಷ್ಟೇ. ನಾನೇನು ಕುರುಡೀನಾ?"

ಆತ ಮಂಡಿಯ ಮೇಲಿನ ತನ್ನ ಕೈಗಳನ್ನು ನೋಡಿಕೊಂಡ. "ನನ್ನ ಕೈಲಿ ಆಗಲ್ಲ ಮಗಳೇ," ಎಂದ ಕೊನೆಗೆ, ತೀರಾ ಸಣ್ಣ ದನಿಯಲ್ಲಿ. "ಅದಿದೆ ಅಂತ ಅಲ್ಲ. ಅದರಿಂದ ನಿನಗೆ ಯಾರ್ಯಾರು ಏನೇನು ಅಂದಿದ್ದಾರೋ ಎಲ್ಲಾ ಅಲ್ಲೇ ಬರೆದ ಹಾಗೆ ಕಾಣುತ್ತೆ ನನಗೆ." ಹುಡುಗಿ ಕಾಲು ಜೋಲಾಡಿಸುವುದನ್ನು ನಿಲ್ಲಿಸಿದಳು. ಅವಳು, ಸಿಸ್ಟರ್, ಆ ಮಾತಿನ ನಡುವೆ ತಾನು ಇರಬಾರದಿತ್ತು ಎನಿಸಿ ಹೊರಗೆ ಹೊರಟಳು. ಬಾಗಿಲ ಹತ್ತಿರ ಆತ ತಡೆದ. ಈಗ ದನಿ ಮೊದಲಿನದೇ ಆಗಿತ್ತು, ದೊಡ್ಡದು. "ನಿಲ್ಲಮ್ಮಾ. ನಾನು ಹೇಡಿ, ಅದಕ್ಕೆ ಉಳ್ಕೊಂಡೆ. ನಿಜವಾಗ್ಲೂ ನೋಡಿದ್ದಿದ್ರೆ? ಎಂಟು ವಾರ ಬಸ್ಸು ಓಡಿಸಿದ್ದೀನಿ. ಸ್ಕೂಲ್ ಮಕ್ಕಳು ಹತ್ತುತ್ತಾರೆ ಅದರಲ್ಲಿ." ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅದೂ ತಪ್ಪಿಸಿಕೊಂಡ ಹಾಗೆ ಆಗುತ್ತದೆ ಎನಿಸಿತು. "ಗೊತ್ತು," ಎಂದಳು. ಆತ ಮೀಸೆ ತಿರುವುತ್ತಾ ಅವಳನ್ನು ನೋಡಿ, "ಸರಿ," ಎಂದ, ಅಷ್ಟೇ.

ಡಾಕ್ಟರಮ್ಮ ಪೂರ್ತಿ ಕೇಳಿದರು. ಕೇಳುವಾಗ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು. ಕೂಗಾಡುತ್ತಾರೆ ಎಂದು ಅವಳು ಕಾದಳು, ಕೂಗಾಡಿದ್ದರೆ ಚೆನ್ನಾಗಿತ್ತು. "ಕನ್ನಡಕ ಅದಲುಬದಲಾಗೋದು ನನ್ನ ಕೈಯಲ್ಲೂ ಆಗಬಹುದಿತ್ತು, ಸಿಸ್ಟರ್. ಎಂಟು ವಾರ ಬಾಯಿ ಮುಚ್ಕೊಂಡಿರೋದು ಆಗ್ತಿರಲಿಲ್ಲ," ಎಂದರು. ಪಕ್ಕದ ಮೇಜಿನಲ್ಲಿ ಚೀಟಿ ಬರೆಯುತ್ತಿದ್ದ ಕ್ಲಿನಿಕ್ಕಿನ ಹೊಸ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕಿವಿಯಾದದ್ದು ಅವಳಿಗೆ ಗೊತ್ತಾಯಿತು, ಆ ಹುಡುಗಿಗೆ ನಂಬರು ಓದಲು ಕಲಿಸಿದವಳು ಇವಳೇ. ಡಾಕ್ಟರಮ್ಮ ಫೋನ್ ಎತ್ತಿ ಕೆಳಗಿನ ಮಹಡಿಯ ಕಣ್ಣಿನ ಡಾಕ್ಟರಿಗೆ ಹೇಳಿದರು. "ಅಷ್ಟು ದೂರದಲ್ಲಿ ನಿಂತಿದ್ದವರಿಗೆ ಅಪಾಯ ಕಡಿಮೆ, ಬೆನ್ನು ಮಾಡಿದ್ದರೆ ಇನ್ನೂ ಕಡಿಮೆ. ಆದರೂ ಕಡಿಮೆ ಅಂದುಕೊಂಡು ಬಿಡೋ ಹಾಗಿಲ್ಲ, ತೋರಿಸಿಕೊಂಡೇ ಬರಲಿ. ನೀವೇ ಕರ್ಕೊಂಡು ಹೋಗಿ. ಬಂದ ಮೇಲೆ ಆಗಿದ್ದನ್ನೆಲ್ಲ ರಿಜಿಸ್ಟರಲ್ಲಿ ನಿಮ್ಮ ಕೈಯಾರೆ ಬರೀರಿ, ತಾರೀಕು ಹಾಕಿ. ಬರೆದಾದ ಮೇಲೆ ಮೆಷಿನ್ ಮುಂದೆ ಕೂತ್ಕೊಳ್ಳಿ." ಕೊನೆಯ ಮಾತು ಕೇಳಿ ಅವಳು ತಲೆ ಎತ್ತಿದಳು. ಡಾಕ್ಟರಮ್ಮ ಆಗಲೇ ಬೇರೆ ಫೈಲು ತೆರೆದಿದ್ದರು.

ಕಣ್ಣಿನ ಡಾಕ್ಟರು ಆತನ ಗದ್ದವನ್ನು ಒಂದು ಕಬ್ಬಿಣದ ತಟ್ಟೆಯ ಮೇಲಿಡಿಸಿ ಎರಡೂ ಕಣ್ಣಿನ ಒಳಪರದೆಯ ಫೋಟೋ ತೆಗೆದರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಂಪ್ಯೂಟರ್ ಪರದೆಯ ಮೇಲೆ ಕೆಂಡದ ಬಣ್ಣದ ಎರಡು ದುಂಡನೆಯ ಚಿತ್ರ ಬಂದವು, ಅವುಗಳ ಮೇಲೆ ಎಳೆಎಳೆಯಾಗಿ ರಕ್ತನಾಳ. ಡಾಕ್ಟರು ದೊಡ್ಡದು ಮಾಡಿ, ಸಣ್ಣದು ಮಾಡಿ, ಮೂಲೆಮೂಲೆ ನೋಡಿದರು. "ಚೊಕ್ಕವಾಗಿದೆ," ಎಂದರು. "ಎರಡೂ. ನೀರು ಬರ್ತಿರೋದು ಕಿಟಕಿ ಗಾಳಿಗೆ, ಒಣಗಿದೆ, ಹನಿ ಬರೆದುಕೊಡ್ತೀನಿ. ನೀವು ಯಾಕಮ್ಮಾ ಅಳ್ತಿದ್ದೀರಿ, ಇವರ ಮನೆಯವರಾ?" ಡ್ರೈವರು ಗಹಗಹಿಸಿ ನಕ್ಕ. "ಅಲ್ಲ ಡಾಕ್ಟ್ರೇ. ಇವರು ನನ್ನ ಪ್ಯಾಸೆಂಜರು." ಮೆಟ್ಟಿಲು ಹತ್ತುವಾಗ ಅವಳಿಗೆ ಹಸಿವಾಯಿತು. ಎಷ್ಟು ದಿನವಾಗಿತ್ತು ಹೊಟ್ಟೆ ಹೀಗೆ ನೆಟ್ಟಗೆ ಹಸಿದು. ಇವತ್ತು ಮನೆಗೆ ಹೋದ ಕೂಡಲೇ ಅತ್ತೆಯ ಹತ್ತಿರ ಕೂತು ಎಲ್ಲಾ ಹೇಳಬೇಕು, ಗಂಡ ಎರಡನೇ ಸಲ ಕೇಳದಿದ್ದರೂ ಆತನಿಗೂ ಹೇಳಬೇಕು. ಖುಷಿ ಎಂದರೆ ಖುಷಿಯೇ, ಮುಚ್ಚಿಡುವುದೇನು. ಮೆಟ್ಟಿಲ ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿ ಮುಖ ಮುಚ್ಚಿಕೊಂಡು ನಕ್ಕಳು.

ರಿಜಿಸ್ಟರಿನಲ್ಲಿ ಬರೆದಳು. ಏಳು ಸಾಲಾಯಿತು. ಎಂಟು ವಾರ ಎದೆಯಲ್ಲಿ ಕೂತಿದ್ದದ್ದು ಕಾಗದದ ಮೇಲೆ ಇಷ್ಟೇನಾ ಎನ್ನುವ ಹಾಗಿತ್ತು. ಕೆಳಗೆ ಸಹಿ ಹಾಕಿ ಒಳಗೆ ಬಂದಾಗ ಹುಡುಗಿಯ ಕೆನ್ನೆ ಮರಗಟ್ಟಿತ್ತು. ಕ್ರೀಮ್ ಒರೆಸಿ, ಮಲಗಿಸಿ, ಕಣ್ಣುಗಳ ಮೇಲೆ ಉಕ್ಕಿನ ಮುಚ್ಚಳಗಳನ್ನಿಟ್ಟಳು. ಆತ ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದ. ಅವಳು ಹಸಿರು ಕನ್ನಡಕ ತಂದು, ಕಡ್ಡಿಯ ಮೇಲಿನ ನಂಬರನ್ನು ಆತನಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ತಾನೇ ಆತನ ಕಿವಿಗೆ ಸಿಕ್ಕಿಸಿದಳು. ಆತ ಚಿತ್ರಪಟದ ಕಡೆ ಒಮ್ಮೆ ನೋಡಿದ. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಮಂಚವನ್ನು ಸುತ್ತಿ ಬಂದು ಮಗಳ ಎಡಗಡೆಗೆ ಹಾಕಿ ಕೂತ. ಅವಳು ಪೆಡಲ್ ತುಳಿದಳು. ಟಕ್. ಹುಡುಗಿಯ ಕಾಲ್ಬೆರಳು ಮುದುಡಿದವು. ಟಕ್, ಟಕ್. ಬೂದುನೀಲಿಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿಳಿ ಏಳುತ್ತಿತ್ತು, ಆಮೇಲೆ ಕೆಂಪಾಗುತ್ತಿತ್ತು. ಕೋಣೆಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎರಡು ನಿಮಿಷ, ಮೂರು ನಿಮಿಷ. ಕಾಣದೆ ಮಲಗಿದ್ದ ಹುಡುಗಿಗೆ ಗಾಬರಿಯಾಯಿತೇನೋ, ಗಾಳಿಯಲ್ಲಿ ಕೈಯಾಡಿಸಿದಳು.

"ಅಪ್ಪಾ? ಇದ್ದೀಯಾ? ಯಾಕೆ ಮಾತೇ ಇಲ್ಲ?"

ಆತ ಆ ಕೈಯನ್ನು ಹಿಡಿದುಕೊಂಡ. ಹಸಿರು ಕನ್ನಡಕದ ಕೆಳಗಿನಿಂದ ನೀರಿಳಿದು ಮೀಸೆ ಒದ್ದೆಯಾಗಿತ್ತು, ಮುಖ ಮಾತ್ರ ಕದಲಿರಲಿಲ್ಲ.

"ಸುಮ್ನಿರೇ," ಎಂದ. "ನೋಡ್ತಿದ್ದೀನಿ."